ಪಾತ್ರಗೃಹ್ಯಸೂತ್ರ ಅಥವಾ ಕಥಾಪುರುಷರ ಷೋಡಶ ಸಂಸ್ಕಾರ ನಿರ್ಣಯ

ಅಥ ಪಾತ್ರಸಂಸ್ಕಾರವಿಚಾರಃ. ಭೂಮಿಯ ಮೇಲೆ ಹುಟ್ಟುವ ಮನುಷ್ಯನಿಗೆ ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗೆ 16 ಸಂಸ್ಕಾರಗಳನ್ನು ವಿಧಿಸಿದ ಪೂರ್ವಿಕರು, ಕಾಗದದ ಮೇಲೆ ಹುಟ್ಟುವ ಮನುಷ್ಯನನ್ನು ಮಾತ್ರ ಅನಾಥನಾಗಿ ಬಿಟ್ಟರು. ಭರತಮುನಿಯ ಸಂಪ್ರದಾಯ ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಪ್ರಶಾಂತ, ಧೀರೋದ್ಧತ ಎಂದು ನಾಲ್ಕು ಪಾಲು ಮಾಡಿ, ನಾಯಿಕೆಯರನ್ನು ಅವಸ್ಥಾಭೇದದಿಂದ ಎಂಟು ಪಾಲು ಮಾಡಿ ಕೈ ತೊಳೆದುಕೊಂಡಿತು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜವನ್ನು ಹುಡುಕುತ್ತ ಅಲೆಯುವ ಸಾಕವ್ವ ಈ ಎಂಟರಲ್ಲಿ ಯಾವಳು? ಪ್ರೋಷಿತಪತಿಕೆ ಎನ್ನೋಣವೆಂದರೆ ಹೋದದ್ದು ಪತಿಯಲ್ಲ, ಕೋಳಿ. ಶಾಸ್ತ್ರದಲ್ಲಿರುವ ಈ ಘೋರ ಲೋಪವನ್ನು ಸರಿಪಡಿಸಲೆಂದೇ ಪ್ರಸ್ತುತ ಗ್ರಂಥ.

ಮೊದಲನೆಯದು ಗರ್ಭಾಧಾನ. ಪಾತ್ರ ಹುಟ್ಟುವುದು ಹೇಗೆಂಬಲ್ಲಿ ಎರಡು ಮತಗಳಿವೆ. ಜಾತಕವಾದಿಗಳು ಮೊದಲ ವಾಕ್ಯಕ್ಕೆ ಮುಂಚೆಯೇ ಒಂದು ನೋಟ್‌ಬುಕ್ ತುಂಬ ನಾಯಕನ ಎತ್ತರ, ತೂಕ, ಇಷ್ಟದ ಬಣ್ಣ, ಎರಡನೇ ಕ್ಲಾಸಿನ ಮೇಷ್ಟರ ಸ್ವಭಾವ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾರೆ. ಇವರ ನಾಯಕನಿಗೆ ರಕ್ತದ ಗುಂಪು ಇರುತ್ತದೆ, ರಕ್ತ ಇರುವುದಿಲ್ಲ. ಆವೇಶವಾದಿಗಳು ಕಣ್ಣು ಮುಚ್ಚಿ ಕೂರುತ್ತಾರೆ. ಆಮೇಲೆ ಸನ್ಮಾನ ಸಮಾರಂಭದಲ್ಲಿ, ಪಾತ್ರವೇ ತಮ್ಮ ಕೈ ಹಿಡಿದು ಬರೆಸಿತೆಂದು ಸಾರುತ್ತಾರೆ. ಹಾಗೆ ಬರೆಸಿದ ಪಾತ್ರಕ್ಕೆ ಗೌರವಧನದಲ್ಲಿ ಪಾಲು ಕೊಟ್ಟ ನಿದರ್ಶನ ಈ ಗ್ರಂಥಕರ್ತನ ಗಮನಕ್ಕೆ ಬಂದಿಲ್ಲ. ಸಿದ್ಧಾಂತವೇನೆಂದರೆ: ಪಾತ್ರಕ್ಕೆ ಏನೋ ಒಂದು ಬೇಕಾಗಿರಬೇಕು, ಅದು ಸುಲಭಕ್ಕೆ ಸಿಗಬಾರದು. ಕಾರಂತರ ಚೋಮನಿಗೆ ಎತ್ತುಗಳಿವೆ, ಉಳಲು ನೆಲವಿಲ್ಲ; ಅವನ ಜಾತಿಗೆ ಆ ಹಕ್ಕನ್ನು ಊರು ಕೊಡುವುದಿಲ್ಲ. ಚೋಮನ ಇಷ್ಟದ ಬಣ್ಣ ಯಾವುದೆಂದು 1933ರಿಂದ ಈವರೆಗೆ ಒಬ್ಬ ಓದುಗನೂ ಕೇಳಿಲ್ಲ.

ಇನ್ನು ನಾಮಕರಣ. ಪತ್ರಿಕಾ ಕಥೆಗಳಲ್ಲಿ ರವಿ, ರಾಜೀವ, ಸಂಧ್ಯಾ ಇವರ ಸಂತತಿ ವಿಪರೀತ ಹೆಚ್ಚಿರುವುದರಿಂದ ಆ ಹೆಸರುಗಳಿಗೆ ಕೆಲಕಾಲ ಸಂತಾನಹರಣ ಚಿಕಿತ್ಸೆ ವಿಧಿಸುವುದು ಒಳಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ನಾಯಿಗುತ್ತಿಯಾದದ್ದು ಸದಾ ಜೊತೆಗಿರುವ ಹುಲಿಯ ಎಂಬ ನಾಯಿಯಿಂದ. ಹೆಸರಿಟ್ಟದ್ದು ಪುರೋಹಿತನೂ ಅಲ್ಲ, ಲೇಖಕನೂ ಅಲ್ಲ, ಊರು. ಕಾರಂತರು ಒಬ್ಬ ಮುದುಕಿಗೆ ಮೂಕಜ್ಜಿ ಎಂದು ಹೆಸರಿಟ್ಟು ಇಡೀ ಕಾದಂಬರಿಯ ಉದ್ದಕ್ಕೂ ಅವಳಿಂದಲೇ ಮಾತಾಡಿಸಿದರು. ಪೂರ್ವಪಕ್ಷ: ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಥೆಯ ನಿರೂಪಕನಿಗೆ ಹೆಸರೇ ಇಲ್ಲವಲ್ಲ? ಸಮಾಧಾನ: ಅಲ್ಲಿನ ಕಾಫಿ ಹೌಸಿನ ವೇಟರ್ ವಿನ್ಸೆಂಟನಿಗೆ ಹೆಸರಿದೆ. ಮನೆಯವರ ದುಡ್ಡಿನಲ್ಲಿ ಕೂತು ತಿನ್ನುವವನಿಗಿಂತ ದುಡಿದು ತಿನ್ನುವವನಿಗೆ ನಾಮಕರಣದಲ್ಲಿ ಅಗ್ರಸ್ಥಾನವೆಂದು ತಿಳಿಯತಕ್ಕದ್ದು.

ತಿನ್ನುವ ಮಾತು ಬಂದದ್ದರಿಂದ ಅನ್ನಪ್ರಾಶನ. ಇದೇ ಸಂಸ್ಕಾರಗಳಲ್ಲೆಲ್ಲ ಶ್ರೇಷ್ಠವಾದದ್ದೆಂದು ಗ್ರಂಥಕರ್ತನ ಖಚಿತ ಅಭಿಪ್ರಾಯ, ಊಟದ ಹೊತ್ತು ಸಮೀಪಿಸಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಆದರ್ಶ ನಾಯಕರು ಇನ್ನೂರು ಪುಟ ಓಡಾಡಿದರೂ ಒಂದು ತುತ್ತು ತಿನ್ನುವುದಿಲ್ಲ. ಹೆಚ್ಚೆಂದರೆ ಕಿಟಕಿಯ ಬಳಿ ನಿಂತು ಕಾಫಿ ಹೀರುತ್ತಾರೆ, ಅದೂ ಆರಿಹೋಗುತ್ತದೆ. ಭೈರಪ್ಪನವರ ‘ಗೃಹಭಂಗ’ದ ಚೆನ್ನಿಗರಾಯನನ್ನು ನೋಡಿ. ಯಾವ ತಕ್ಕಡಿಯಲ್ಲಿಟ್ಟು ತೂಗಿದರೂ ಗುಂಜಿಯಷ್ಟು ಸದ್ಗುಣ ಸಿಗದ ಮನುಷ್ಯ. ಆದರೆ ಉಣ್ಣುತ್ತಾನೆ. ಮನೆಯಲ್ಲಿ ಮಕ್ಕಳಿಗಿದೆಯೋ ಇಲ್ಲವೋ ನೋಡದೆ ಉಣ್ಣುತ್ತಾನೆ. ಶ್ಯಾನುಭೋಗಿಕೆಯ ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ, ಎಲೆಯ ಮುಂದೆ ಕೂರುವವನು ಗಂಡ. ಇಷ್ಟರಲ್ಲೇ ಇಬ್ಬರೂ ತಯಾರು. ಸಾಕವ್ವನ ಮನೆಯಲ್ಲಂತೂ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ರಾತ್ರಿಯೆಲ್ಲ ತಿಂದು ಮುಗಿಸುತ್ತಾರೆ. ಯಾರ ಕೈ ಎಷ್ಟು ಬೇಗ ಓಡುತ್ತದೆ, ಯಾರ ಮುಂದೆ ಯಾರು ತಳ್ಳುತ್ತಾರೆ ಎಂಬುದನ್ನು ಕಂಡ ಮೇಲೆ ಆ ಕುಟುಂಬದ ಪರಿಚಯಕ್ಕೆ ಇನ್ನೊಂದು ಅಧ್ಯಾಯ ಬೇಕಾಗುವುದಿಲ್ಲ.

ಕರ್ಣವೇಧ. ಈ ಸಂಸ್ಕಾರ ಪಾತ್ರಕ್ಕಲ್ಲ, ಲೇಖಕನಿಗೆ. ಕಿವಿ ತೆರೆಯದ ಲೇಖಕ ಧಾರವಾಡದವನ ಬಾಯಲ್ಲಿ ಮಾತಿಗೊಂದು ‘ರೀ’, ಮಂಗಳೂರಿನವನ ಬಾಯಲ್ಲಿ ಮಾತಿಗೊಂದು ‘ಮಾರಾಯ್ರೆ’ ತುರುಕಿ ಪ್ರಾದೇಶಿಕತೆ ಸಾಧಿಸಿದೆನೆಂದು ಹಿಗ್ಗುತ್ತಾನೆ. ಅವೆರಡನ್ನೂ ಹೆಕ್ಕಿ ತೆಗೆದರೆ ಇಬ್ಬರೂ ಜಯನಗರ ನಾಲ್ಕನೇ ಬ್ಲಾಕಿನವರು. ನಂಜನಗೂಡು ಸೀಮೆಯ ಆಡುಮಾತಿನಲ್ಲಿರುವ ದೇವನೂರರ ‘ಕುಸುಮಬಾಲೆ’ಯಲ್ಲಿ ಮಂಚಕ್ಕೂ ಮಾತು ಬರುತ್ತದೆ, ಆ ಮಂಚವೂ ಆ ಸೀಮೆಯದೇ.

ಚೌಲ, ಉಪನಯನಾದಿಗಳನ್ನು ವಿದ್ವಾಂಸರು ತಾವೇ ಊಹಿಸಿಕೊಳ್ಳಲಿ. ವಿವಾಹದ ಬಗ್ಗೆ ಒಂದೇ ಸೂತ್ರ: ಕೊನೆಯಲ್ಲಿ ಮಾಡಿಸಿದರೆ ಸಿನಿಮಾ, ಮೊದಲೇ ಮಾಡಿಸಿದರೆ ಕಾದಂಬರಿ.

ಅಂತ್ಯೇಷ್ಟಿಯಲ್ಲಿ ಮಾತ್ರ ಶಾಸ್ತ್ರ ತಲೆಕೆಳಗಾಗುತ್ತದೆ. 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪ ಆರಂಭದಲ್ಲೇ ಸತ್ತುಹೋಗುತ್ತಾನೆ. ಹೆಣ ಎತ್ತುವವರು ಯಾರೆಂದು ತೀರ್ಮಾನವಾಗುವುದಿಲ್ಲ, ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಸತ್ತವನು ಸುಮ್ಮನೆ ಮಲಗಿದ್ದಾನೆ. ಬದುಕಿದವರ ಹಸಿವು, ಅವನ ಜೊತೆ ಬಾಳಿದ ಚಂದ್ರಿಯ ಒಡವೆಯ ಮೇಲಿನ ಆಸೆ, ಪ್ರಾಣೇಶಾಚಾರ್ಯರ ಪಾಂಡಿತ್ಯ ಎಲ್ಲವೂ ಒಂದೊಂದಾಗಿ ಅಂಗಳಕ್ಕೆ ಬಂದು ನಿಲ್ಲುತ್ತವೆ. ಒಂದು ಮಾತೂ ಆಡದ ಶವವೊಂದು ಇಷ್ಟು ಜನರನ್ನು ಪಾತ್ರವಾಗಿಸಬಲ್ಲದಾದರೆ, ಪುಟಗಟ್ಟಲೆ ಆತ್ಮಾವಲೋಕನ ಮಾಡಿಕೊಳ್ಳುವ ಜೀವಂತ ನಾಯಕರು ನಾಚಿಕೊಳ್ಳಬೇಕಾದ ವಿಷಯ.

ಕೊನೆಗೆ ಪ್ರಾಯಶ್ಚಿತ್ತ ಪ್ರಕರಣ. ವಿಲನ್‌ನನ್ನು ಕೇವಲ ವಿಲನ್ ಮಾಡಿದವನು ಆತ ತನ್ನ ತಾಯಿಗೆ ಫೋನ್ ಮಾಡುವ ಒಂದು ಪ್ರಸಂಗ ಬರೆಯತಕ್ಕದ್ದು. ನಾಯಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ರೂಪ ವರ್ಣಿಸಿದವನು ಆ ಕನ್ನಡಿಯನ್ನು ಒಡೆಯತಕ್ಕದ್ದು. ಏನು ಮಾಡುವುದೆಂದು ತೋಚದೆ ಕೊನೆಯ ಪುಟದಲ್ಲಿ ನಾಯಕನನ್ನು ಲಾರಿಗೆ ಕೊಟ್ಟವನಿಗೆ ಶಿಕ್ಷೆ ಉಗ್ರವಾದದ್ದು: ಆ ಲಾರಿಯ ಕ್ಲೀನರ್ ಅಂದು ಬೆಳಿಗ್ಗೆ ಯಾವ ಹೋಟೆಲಿನಲ್ಲಿ ಏನು ತಿಂದ, ಬಿಲ್ ಯಾರು ಕೊಟ್ಟರು, ಡ್ರೈವರ್ ಅವನಿಗೆ ಏನೆಂದು ಬೈದ ಎಂಬುದನ್ನು ಎರಡು ಪುಟ ಬರೆಯಬೇಕು. ಬರೆದಾದ ಮೇಲೆ ನಾಯಕನಿಗಿಂತ ಕ್ಲೀನರನೇ ಚೆನ್ನಾಗಿ ಬಂದಿದ್ದಾನೆ ಅನ್ನಿಸಿದರೆ, ಲಾರಿಯನ್ನು ರಿವರ್ಸ್ ತೆಗೆಸಿ, ನಾಯಕನನ್ನು ರಸ್ತೆ ದಾಟಿಸಿ ಮನೆಗೆ ಕಳಿಸಿ, ಕಥೆಯನ್ನು ಕ್ಲೀನರನಿಂದಲೇ ಶುರು ಮಾಡಲು ಶಾಸ್ತ್ರದ ಅಡ್ಡಿಯಿಲ್ಲ.