ಲಾಸ್ ಬತ್ತಿ

ಠಾಣಾ ಕುಶನೂರಿನ ನಮ್ಮ ಮನೆಯಲ್ಲಿ ದೇವರಿಗೆ ಒಂದು ಬತ್ತಿ, ರೌಟರಿಗೆ ನಾಲ್ಕು. ಎರಡೂ ಇರುವುದು ಗೋಡೆಯ ಒಂದೇ ಮಾಡದಲ್ಲಿ. ಪಡಸಾಲೆಯಲ್ಲಿದ್ದ ಒಂದೇ ಒಂದು ಪ್ಲಗ್ಗು ಅಲ್ಲಿತ್ತು, ಅದಕ್ಕೆ. ರೌಟರು ಬಂದ ದಿನವೇ ಅವ್ವ ಅದಕ್ಕೂ ವಿಭೂತಿ ಹಚ್ಚಿದಳು. "ತಿಂಗಳಾ ರೊಕ್ಕ ತಗೋತದ, ಬೇಡಿದಾಗ ಕೊಡಂಗಿಲ್ಲ. ದ್ಯಾವ್ರ ಅಲ್ಲದ ಮತ್ತೇನದ?"

ಪುಣೆಯಲ್ಲಿ ಕೆಲಸ ಮಾಡುವ ಮಗ ಎಳ್ಳಮಾಸಿಗೆ ಬಂದವನು ಹದಿನೈದು ದಿನ ಇಲ್ಲಿಂದಲೇ ಕೆಲಸ ಮಾಡುತ್ತೇನೆ ಎಂದ. ಹೊಲದಲ್ಲಿ ಕೌದಿ ಹಾಸಿಕೊಂಡು ಭಜ್ಜಿ, ರೊಟ್ಟಿ, ಅಂಬಲಿ ಎಲ್ಲ ಆಯಿತು. ಮರುದಿನ ರೌಟರಿನಲ್ಲಿ ಕೆಂಪು ಬತ್ತಿ. ಅದರ ಕೆಳಗೆ ಇಂಗ್ಲಿಷಿನ ಮೂರಕ್ಷರ, ಕೂಡಿಸಿ ಓದಿದರೆ ಲಾಸ್. "ಲಾಸ್ ಆಗ್ಯಾದ" ಅಂತ ನಾನು ಗಟ್ಟಿಯಾಗಿ ಓದಿದ್ದೇ ತಡ, ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಒಳಗೆ ಬಂದರು. "ಸೋಯಾದಾಗೇನ್ರಿ ಮಾಸ್ತರ, ತೊಗರ್ಯಾಗೇನ್ರಿ?"

ಮೂರನೇ ದಿನ ಲೈನಿನ ಹುಡುಗ ಬಂದ. ರೌಟರಿನ ಕಡೆ ತಿರುಗಿಯೂ ನೋಡಲಿಲ್ಲ, ಸೀದಾ ಅಂಗಳಕ್ಕೆ ಹೋದ. ಕಂಬದಿಂದ ಮನೆಗೆ ಎಳೆದ ಕರಿ ತಂತಿಯ ಮೇಲೆ, ಹೊಲದಲ್ಲಿ ಹಾಸಿದ್ದ ಅದೇ ಕೌದಿ ಒಗೆಸಿಕೊಂಡು ತೂಗುತ್ತಿತ್ತು. ಆ ತಂತಿಯ ಒಳಗಿರುವುದು ತಲೆಗೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದರಲ್ಲೂ ಬೆಳಕು ಹಾಯುವ ನಡುಭಾಗ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ಕಡಿಮೆ. ಮುರಿಯಲೇಬೇಕೆಂದಿಲ್ಲ, ಮೊಳೆಯ ಹತ್ತಿರ ಚೂಪಾಗಿ ಬಾಗಿದರೂ ಸಾಕು, ಬೆಳಕು ಅಲ್ಲೇ ಸೋರಿಹೋಗುತ್ತದೆ. ಐದು ಹಳೇ ಸೀರೆ ಕೂಡಿಸಿ ಹೊಲಿದ ಕೌದಿ, ತೊಯ್ದರೆ ನನ್ನಿಂದಲೇ ಎತ್ತಲಾಗುವುದಿಲ್ಲ. ಅದನ್ನು ಇಳಿಸಿದ, ಕೆಂಪು ಬತ್ತಿ ಆರಿತು. ಅವ್ವನಿಗೆ ಮಾತ್ರ ಸಮಾಧಾನವಿಲ್ಲ: "ತಂತಿ ಕಟ್ಟೋದು ಅರಬಿ ಒಣಹಾಕಾಕಲ್ದ ಮತ್ತ್ಯಾತಕ?"

ಆಮೇಲೆ ಗೋಡೆಯ ತಕರಾರು, ಮಗನ ಕೋಣೆಗೆ ವೈಫೈ ಮುಟ್ಟುತ್ತಿರಲಿಲ್ಲ. ಜಗದೀಶಚಂದ್ರ ಬೋಸರು 1895ರ ಸುಮಾರಿಗೆ ಕಲಕತ್ತೆಯ ಟೌನ್ ಹಾಲಿನಲ್ಲಿ ತಂತಿಯಿಲ್ಲದ ಅಲೆಯನ್ನು ಲೆಫ್ಟಿನೆಂಟ್ ಗವರ್ನರರ ಮೈಯನ್ನೂ ಗೋಡೆಗಳನ್ನೂ ದಾಟಿಸಿ ಆಚೆ ಗಂಟೆ ಬಾರಿಸಿದ್ದರಂತೆ. ನಮ್ಮದು ಎರಡು ಮೊಳದ ಮಣ್ಣಿನ ಗೋಡೆ, ಅದರಾಚೆ ಜೋಳ ತುಂಬಿದ ತಗಡಿನ ಕಣಜ. ಗವರ್ನರರನ್ನು ದಾಟಿದ ಅಲೆ ನಮ್ಮ ಜೋಳವನ್ನು ದಾಟಲಿಲ್ಲ. ರೌಟರನ್ನೇ ಸರಿಸೋಣವೆಂದರೆ, ಕೂಡಿಸಿದ ದೇವರನ್ನು ಕದಲಿಸಬಾರದು ಎಂದು ಅವ್ವ ಅಡ್ಡ ನಿಂತಳು. ಕಡೆಗೆ ಮಗ ತನ್ನ ಖಾಟನ್ನು ಬಾಗಿಲಿಗೆ ಎಳೆದುಕೊಂಡು, 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಬಂದ. ಮೊದಲನೆಯದು ಕುದುರೆ, ಗೋಡೆ ಕಂಡರೆ ನಿಂತುಬಿಡುತ್ತದೆ. ಎರಡನೆಯದು ಎಮ್ಮೆ, ನಿಧಾನಕ್ಕೆ ನುಗ್ಗಿ ಬರುತ್ತದೆ.

ಉಳಿದದ್ದು ಸಂಜೆಯ ಕಾಟ. ದಿನಾ ಏಳು ಹೊಡೆಯುವ ಹೊತ್ತಿಗೆ ನಾಲ್ಕೂ ಬತ್ತಿ ಒಮ್ಮೆಲೇ ಆರಿ, ಒಂದೊಂದಾಗಿ ಮತ್ತೆ ಹತ್ತುತ್ತಿದ್ದವು. ಮೂರು ನಿಮಿಷ. ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಮ್ಮೆ. ಮಗನ ಮೀಟಿಂಗು ಅದೇ ಹೊತ್ತಿಗೆ, ಆ ಕಡೆ ಅಮೆರಿಕದವರು. ಕಂಪನಿಗೆ ಫೋನು ಹಚ್ಚಿದೆ. ಕನ್ನಡ, ಮರಾಠಿ, ಹಿಂದಿ ಮೂರೂ ಬರುವ ಊರು ನಮ್ಮದು. ಮೂರರಲ್ಲೂ ಒಂದೇ ಮಂತ್ರ ಹೇಳಿದರು, ಬಂದ್ ಮಾಡಿ ಚಾಲೂ ಮಾಡಿ. "ಅದು ತಾನೇ ಬಂದ್ ಆಗಿ ಚಾಲೂ ಆಗ್ಲಾಕತ್ತದ್ರಿ, ಅದೇ ನನ್ನ ತಕರಾರು" ಅಂದೆ. ಸ್ವಲ್ಪ ಹೊತ್ತಿಗೆ ಮೆಸೇಜು ಬಂತು: ನಿಮ್ಮ ದೂರು ಬಗೆಹರಿದಿದೆ.

ಸಿಟ್ಟಿನಲ್ಲಿ ರೌಟರಿನ ಬೆನ್ನ ಮೇಲಿನ ತೂತಿಗೆ ಪಿನ್ನು ಚುಚ್ಚಿದೆ. ಹೆಸರು, ಪಾಸ್‌ವರ್ಡು ಎಲ್ಲ ಅಳಿಸಿಹೋಯಿತು. ಐದೇ ನಿಮಿಷಕ್ಕೆ ಓಣಿಯ ಹುಡುಗರು ಬಾಗಿಲಿಗೆ ಬಂದು "ಸರ್, ನಮ್ ವೈಫೈಗೆ ಏನಾಯ್ತ್ರಿ?" ಅಂದರು. ನಮ್ ವೈಫೈ!

ಗುಟ್ಟು ಹಿಡಿದವಳು ಅವ್ವ. ಒಂದು ಸಂಜೆ ಜೋಳದ ಬುಟ್ಟಿ ಎತ್ತಿಕೊಂಡು ಹೊರಟವಳು ಹೊಸ್ತಿಲಲ್ಲೇ ತಿರುಗಿ, "ಗಿರಣಿ ಚಾಲೂ ಆಯ್ತು, ನಿಂದು ಬಂದ್ ಆಯ್ತು, ನೋಡು" ಅಂದಳು. ಹಿಂದಿನ ಓಣಿಯ ಹಿಟ್ಟಿನ ಗಿರಣಿ. ಅಂಥ ಮೋಟಾರು ಓಡುವಾಗ ಎಷ್ಟು ಕರೆಂಟು ತಿನ್ನುತ್ತದೋ, ಹೊರಡುವ ಆ ಗಳಿಗೆಯಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಅದೇ ಲೈನಿನ ಮನೆಗಳಲ್ಲಿ ವೋಲ್ಟೇಜು ಕುಸಿಯುತ್ತದೆ. ಬಲ್ಬು ಕಣ್ಣು ಪಿಳುಕಿಸಿ ಸುಮ್ಮನಾಗುತ್ತದೆ. ರೌಟರು ಮಾತ್ರ ಮೂರ್ಛೆ ಹೋಗಿ, ಎದ್ದು, ತಾನು ಯಾರೆಂಬಲ್ಲಿಂದ ಶುರು ಮಾಡುತ್ತದೆ.

ರೌಟರಿಗೆಂದೇ ಸಣ್ಣ ಬ್ಯಾಟರಿ ಡಬ್ಬಿ ಬರುತ್ತದೆ, ಭಾಲ್ಕಿಯಿಂದ ತಂದರಾಯಿತು ಎಂದ ಮಗ. ಅವನು ಬಸ್ಸು ಹತ್ತುವ ಮೊದಲೇ ಅವ್ವ ಗಿರಣಿಗೆ ಹೋಗಿ ಮಾತಾಡಿ ಬಂದಿದ್ದಳು. ಗಿರಣಿಯವರು ಒಪ್ಪಿದರು, ಬದಲಿಗೆ ಹೊಸ ಪಾಸ್‌ವರ್ಡು ಇಸಕೊಂಡರು. ಕುಶನೂರಿನಲ್ಲಿ ಹಿಟ್ಟು ಬೀಸಿಸುವುದಿದ್ದರೆ ಏಳರೊಳಗೆ ಬರ್ರಿ. ಏಳರಿಂದ ಎಂಟು ಅಮೆರಿಕದವರ ಪಾಳಿ.