ಇನ್ನೊಂದು ಸಣ್ಣ ಟಚ್

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದಲ್ಲ, ಅಲ್ಲಿ ಗಿರಾಕಿ ಹತ್ತಿರ ಬಂದೊಡನೆ ಮುಖ ಸಪ್ಪಗೆ ಮಾಡಿಕೊಳ್ಳುವ ಕಲಾವಿದರೊಬ್ಬರು ಕಂಡರೆ ಅವರು ನಮ್ಮವರೇ. ಕಲೆ ಮನೆಮನೆಗೆ ತಲುಪಲಿ ಎಂದು ಶುರುವಾದ ಸಂತೆ ಅದು. ಇವರ ಕಲೆ ಬೆಳಿಗ್ಗೆ ಆಟೋದಲ್ಲಿ ಸಂತೆಗೆ ಹೋಗಿ ಸಂಜೆ ಆಟೋದಲ್ಲೇ ಇವರ ಮನೆಗೆ ತಲುಪುತ್ತದೆ.

‘ಚೆನ್ನಾಗಿದೆ’ ಎಂದರೆ ಬೆಲೆ ಏರುತ್ತದೆ. ಅದಕ್ಕೂ ಒಪ್ಪಿದರೆ ಸಹಿ ಹಾಕಿಲ್ಲ ಎನ್ನುತ್ತಾರೆ. ಹಾಕಿ ಎಂದರೆ ವಾರ್ನಿಷ್ ಆಗಿಲ್ಲ. ತೈಲವರ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಒಣಗಲು ಆರು ತಿಂಗಳು, ದಪ್ಪಗೆ ಬಳಿದಿದ್ದರೆ ವರ್ಷವೇ ಬೇಕಂತೆ. ಮಾತೇನೋ ನಿಜ. ಆದರೆ ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ ಇವರು ಇನ್ನೊಂದು ಪದರ ಬಣ್ಣ ಬಳಿದುಬಿಡುತ್ತಾರೆ.

‘ಮೊನಾಲಿಸಾನ ದ ವಿಂಚಿ ಬರೆಸಿದವರಿಗೆ ಕೊಟ್ಟನೇನ್ರೀ? ಫ್ರಾನ್ಸಿಗೆ ಹೋಗುವಾಗಲೂ ಜೊತೇಲೇ ತಗೊಂಡು ಹೋದ!’ ಹೌದು, ಅವನಿಗೆ ಅಲ್ಲಿನ ದೊರೆ ಸಂಬಳ ಕೊಡುತ್ತಿದ್ದ. ಇವರ ಮನೆ ನಡೆಯುವುದು ಶ್ರೀಮತಿಯವರ ಸಂಬಳದಲ್ಲಿ. ನಾನು ಇದನ್ನು ಬಾಯಿಬಿಟ್ಟು ಹೇಳಿಲ್ಲ. ಅವರ ಮನೆಯ ಕಾಫಿ ಚೆನ್ನಾಗಿರುತ್ತದೆ.

ಇಂಥವರಿಂದ ನಾನೊಂದು ಚಿತ್ರ ಕೊಂಡೆ: ಬಸವನಗುಡಿಯ ಕಡಲೆಕಾಯಿ ಪರಿಷೆ. ನಮ್ಮದು ಬಾಡಿಗೆ ಮನೆ. ಒಂದು ಮೊಳೆ ಹೊಡೆಯಲು ಓನರ್ ಮುಂದೆ ಹಲ್ಲು ಗಿಂಜಿದ್ದೆ. ಮುಂದಿನ ಭಾನುವಾರವೇ ಕಲಾವಿದರು ಹಾಜರ್. ಓನರ್ ಕೂಡ ಅಷ್ಟು ತಪಾಸಣೆ ಮಾಡಿದವನಲ್ಲ. ‘ಸಾರ್, ಇಲ್ಲಿ ಸಂಜೆ ಬಿಸಿಲು ಬೀಳತ್ತೆ. ಆ ಗೋಡೆಗೆ ಹಾಕಿ.’ ಇನ್ನೊಂದು ಮೊಳೆ. ಆಮೇಲೆ ಅಲ್ಲಿಗೆ ಒಗ್ಗರಣೆ ಹೊಗೆ ಬರುತ್ತದೆಂದು ಮತ್ತೊಂದು ಗೋಡೆ, ಮತ್ತೊಂದು ಮೊಳೆ. ಚಿತ್ರದ ಮುಂದೆ ನಿಂತರೆ ಅವರಿಗೆ ಕೈಲಿರುವ ಉಪ್ಪಿಟ್ಟಿನ ತಟ್ಟೆಯೂ ಕಾಣದು, ಅದನ್ನು ಕೊಟ್ಟ ನಾನೂ ಕಾಣೆ. ಕೊನೆಗೊಂದು ದಿನ, ‘ಮುದುಕಿ ಸೆರಗಿಗೆ ಒಂದು ಸಣ್ಣ ಟಚ್ ಕೊಡ್ಬೇಕು, ಬುಧವಾರ ತಂದುಕೊಡ್ತೀನಿ’ ಎಂದು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟರು. ಬೆಡ್‌ಶೀಟೂ ನಮ್ಮದೇ.

ಎಷ್ಟೋ ಬುಧವಾರಗಳು ಹೋದವು. ಫೋನಿನಲ್ಲಿ ಗದರಿದರೆ 1957ರ ಕಾಯ್ದೆ ಓದಿದರು: ಚಿತ್ರ ಮಾರಿದರೂ ಕೃತಿಸ್ವಾಮ್ಯ ಕಲಾವಿದನದೇ. ಕಾಯ್ದೆ ನೀವೇ ಇಟ್ಟುಕೊಳ್ಳಿ, ಚಿತ್ರ ಕೊಡಿ ಎಂದು ನಾನೇ ಹೋದೆ.

ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲಿ ನೋಡಿದರೂ ಕ್ಯಾನ್ವಾಸು. ಒಂದೊಂದನ್ನೇ ಎಳೆದು ತೋರಿಸುತ್ತ, ಇದು ಬರೆಯುವಾಗ ಜೋರು ಮಳೆ, ಇದು ಬರೆಯುವಾಗ ಮಗಳಿಗೆ ಜ್ವರ ಎಂದು ಹೇಳುತ್ತ ಹೋದರು. ನಾನು ಬ್ಯಾಂಕಿನ ಸರ್ವಿಸಿನುದ್ದಕ್ಕೂ ಬರೆದದ್ದು ಲೆಡ್ಜರು. ಆಡಿಟರ್ ಹೊತ್ತುಕೊಂಡು ಹೋದರೆ ಸಾಕಪ್ಪ ಎನಿಸುತ್ತಿತ್ತೇ ಹೊರತು ಒಂದರ ಮುಖವನ್ನೂ ಮತ್ತೆ ನೋಡಬೇಕೆನಿಸಲಿಲ್ಲ. ಬೈಯಲು ಹೋದವನು ಸುಮ್ಮನೆ ನೋಡುತ್ತ ಕುಳಿತೆ.

ಈಸೆಲ್ ಮೇಲೆ ನನ್ನ ಪರಿಷೆ. ಮುದುಕಿಯ ಸೆರಗು ಇದ್ದ ಹಾಗೇ ಇದೆ. ಅವಳ ಪಕ್ಕದಲ್ಲಿ ರಾಶಿಯಿಂದ ಕಡಲೆಕಾಯಿ ಎತ್ತಿ ಪುಕ್ಕಟೆ ರುಚಿ ನೋಡುತ್ತಿರುವ ಬೋಳುತಲೆಯವನೊಬ್ಬ ಹೊಸದಾಗಿ ಬಂದಿದ್ದಾನೆ.

‘ಇದು ನಾನೇನ್ರೀ?’

‘ಮುಟ್ಟಬೇಡಿ ಸಾರ್, ಹಸಿ ಇದೆ’ ಎಂದವರು ಬ್ರಷ್ ಎತ್ತಿಕೊಂಡು, ‘ಸ್ವಲ್ಪ ಆ ಕಡೆ ತಿರುಗಿ, ಕಿವಿ ಸರಿಯಾಗಿ ಬಂದಿಲ್ಲ’ ಎಂದರು.