ತ್ರಿಭಂಗಿಯಲ್ಲಿ ಜಲಭಂಗ

ಅರಸೀಕೆರೆಯ ನಮಗೆ ನೀರೆಂದರೆ ಎಳನೀರು. ಅಂಥವನು ಮೂಲ್ಕಿಯ ಶಾಂಭವಿ ನದಿಯಲ್ಲಿ, 10 ಅಡಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಶಿಬಿರಕ್ಕೆ ಸೇರಿಬಿಟ್ಟೆ. ‘ಮೊದಲು ಮಂಡಿಯೂರಿ, ಆಮೇಲೆ ಒಂದೊಂದೇ ಕಾಲೂರಿ ಏಳಿ. ಮಂಡಿ ತುಸು ಬಾಗಿರಲಿ, ದೃಷ್ಟಿ ದೂರಕ್ಕಿರಲಿ, ಪಾದ ನೋಡಬೇಡಿ’ ಎಂದರು ಗುರುಗಳು. ಪಾದ ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಒಮ್ಮೆ ಬಗ್ಗಿ ನೋಡಿದೆ, ಅಷ್ಟೇ! ಸೊಂಟ ಬೇಲೂರಿಗೆ, ಕುತ್ತಿಗೆ ಹಳೇಬೀಡಿಗೆ, ಹುಟ್ಟು ಆಕಾಶಕ್ಕೆ. ಶಿಲಾಬಾಲಿಕೆಯ ಭಂಗಿಯೇನೋ ಬಂತು. ಆದರೆ ಆಕೆ ಸುಮಾರು 900 ವರ್ಷದಿಂದ ನಿಂತಿದ್ದಾಳೆ, ನಾನು ನಿಂತದ್ದು 9 ಸೆಕೆಂಡು. ಪಕ್ಕದ ಹಲಗೆಯ ಪುಟ್ಟ ಹುಡುಗಿ, ‘ಅಂಕಲ್, ಹುಟ್ಟು ಹಿಂದುಮುಂದಾಗಿ ಹಿಡಿದಿದ್ದೀರಿ’ ಅಂದಳು.

ಮನೆಗೆ ಬಂದಾಗ ಹೆಂಡತಿ, ‘ಎದ್ದು ನಿಂತ್ರಾ?’ ಎಂದಳು. ‘17 ಸಲ!’ ಎಂದೆ. ಬಿದ್ದದ್ದೂ ಅಷ್ಟೇ ಸಲ ಅಂತ ಬಿಡಿಸಿ ಹೇಳಲಿಲ್ಲ.